ದಿನಕ್ಕೊಂದು ‘ಬ್ಯಾಡ’

ಹುಕ್ಕೇರಿ
೧೧ ಫೆಬ್ರುವರಿ ೧೯೩೫

ಚಿರಂಜೀವಿ ಬಾಬಾಸಾಹೇಬನಿಗೆ ಅಕ್ಕ ಇಂದುಬಾಯಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಹೊತ್ತು ಮುಳುಗುವ ಮೊದಲೇ ಉಂಡು, ಒಲೆ ಆರಿಸಿ, ಗಟ್ಟಿಮುಟ್ಟಾಗಿದ್ದೇವೆ. ನೀನೂ ಕಮಲಾ ಕಾಕಿಯೂ ಹಾಗೆಯೇ ಇದ್ದೀರೆಂದು ತಿಳಿಯುತ್ತೇನೆ.

ಅಪ್ಪನ ನಂತರ ಮಸಗುಪ್ಪಿಯ ಪಾಟೀಲಕಿಯನ್ನು ತಾಲೂಕಿನ ಮಾಮಲೇದಾರರು ಸದ್ಯಕ್ಕೆ ನಿನ್ನ ಹೆಸರಿಗೆ ಮಾಡಿದ್ದಾರೆಂಬ ಸುದ್ದಿ ಮೂಡಲಗಿ ಸಂತೆಯಿಂದ ಬಂದವರ ಬಾಯಿಂದ ಗೊತ್ತಾಯಿತು. ನೀನೇ ಎರಡು ಸಾಲು ಬರೆದಿದ್ದರೆ ಕೈ ಸವೆಯುತ್ತಿರಲಿಲ್ಲ. ಶ್ರಾವಣದೊಳಗೆ ಊರ ಹಿರಿಯರು ಗೋಕಾಕದ ಕಚೇರಿಗೆ ಹೋಗಿ ‘ಇವನು ನಡೆದಾನು’ ಎಂದರೆ ಕೆಲಸ ಕಾಯಂ, ‘ಇವನಿಂದಾಗದು’ ಎಂದರೆ ಅದು ದೊಡ್ಡಪ್ಪನ ಮನೆತನಕ್ಕೆ ಹೋಗುತ್ತದಂತೆ. ನಿಜವೇ?

ನಿನ್ನನ್ನು ಬಲ್ಲವಳಾದ್ದರಿಂದ ನನಗೆ ಚಿಂತೆಯಾಗಿದೆ. ಮನೆಗೆ ಪರಸ್ಥಳದವರು ಬಂದರೆ ನೀನು ಜೋಳದ ಕಣಜದ ಹಿಂದೆ ಸೇರುತ್ತಿದ್ದೆ. ನನ್ನ ಮದುವೆಯ ಮಾತುಕತೆಯ ದಿನ ನಿನ್ನನ್ನು ದನದ ಕೊಟ್ಟಿಗೆಯಿಂದ ಹುಡುಕಿ ತಂದರು. ನಮ್ಮ ಅತ್ತೆ ಸೀತಾಬಾಯಿಯವರು ಇವತ್ತಿಗೂ “ನಿನ್ನ ತಮ್ಮಗ ಮಾತ ಬರ್ತಾವೇನ?” ಎಂದು ಕೇಳುತ್ತಾರೆ. ಬರುತ್ತವೆ ಎನ್ನುತ್ತೇನೆ. ಅವರು ನಂಬಿಲ್ಲ.

ಧೈರ್ಯ ಸಂತೆಯಲ್ಲಿ ಸಿಗುವ ಸಾಮಾನಲ್ಲ, ದಿನವೂ ಸ್ವಲ್ಪ ಸ್ವಲ್ಪ ರೂಢಿ ಮಾಡಿಕೊಳ್ಳಬೇಕು. ಆದ್ದರಿಂದ ಎರಡು ಕೆಲಸ ಮಾಡು. ಬೆಳಗಾದರೆ ಚಾವಡಿಗೆ ಹೋಗಿ ಅಪ್ಪ ಕೂಡುತ್ತಿದ್ದ ಕಂಬಳಿಯ ಮೇಲೆ ಕೂಡು. ಅಂಚಿನ ಮೇಲಲ್ಲ, ನಡುವೆ. ಎರಡನೆಯದು, ದಿನಕ್ಕೊಮ್ಮೆ ಯಾರಿಗಾದರೂ ‘ಬ್ಯಾಡ’ ಅನ್ನು. ದೊಡ್ಡ ಮಾತಿಗೇ ಆಗಬೇಕೆಂದಿಲ್ಲ. ಕಾಕಿ ನಿನ್ನ ತಾಟಿಗೆ ಬಡಿಸುವ ಮೂರನೇ ರೊಟ್ಟಿಯಿಂದ ಸುರು ಮಾಡು. ಹಾಕಿದ್ದನ್ನೆಲ್ಲ ಉಂಡು ಹೊಟ್ಟೆ ಹಿಡಿದುಕೊಂಡು ಮಲಗುವವನು ಊರಿಗೆ ಪಾಟೀಲನಾಗುವುದು ಹೇಗೆ?

ಇನ್ನೊಂದು ಮಾತು ನೆನಪಿರಲಿ. ಈ ಮನೆಗೆ ಬಂದ ಕಾಗದವನ್ನೆಲ್ಲ ಮಾವ ನೇಮಣ್ಣನವರು ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದುತ್ತಾರೆ. ಅತ್ತೆಯವರು ತೂಗುಮಂಚದ ಮೇಲೆ ಕುಳಿತು ಕೇಳುತ್ತಾರೆ, ನಾನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತೇನೆ. ಅದಕ್ಕೇ ಅಕ್ಷರ ದುಂಡಗಿರಲಿ. ನಾನು ಬರೆಯುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಅಪ್ಪ ತೀರಿಕೊಂಡಾಗ ಬಂದವಳು ಮೂರನೇ ದಿನಕ್ಕೇ ತಿರುಗಿ ಬಂದೆ. ಅವನು ಹಾಸಿಗೆ ಹಿಡಿದ ಮೇಲೆ ಎರಡು ಪಂಚಮಿಗೂ ತವರಿಗೆ ಬರಲಾಗಲಿಲ್ಲ. ಈ ಮನೆಯ ಪದ್ಧತಿ ನಿನಗೆ ಗೊತ್ತು. ತವರಿನ ಗಂಡಸರು ಬಂದು, ಪಡಸಾಲೆಯಲ್ಲಿ ಕುಳಿತು, ಅತ್ತೆಯವರನ್ನು ಬಾಯಿಬಿಟ್ಟು ಕೇಳಬೇಕು. ಇಲ್ಲದಿದ್ದರೆ ಸೊಸೆಯನ್ನು ಕಳಿಸುವುದಿಲ್ಲ. ಸುಮ್ಮನೆ ನೆನಪಾಯಿತು, ಬರೆದೆ.

ನಿನ್ನ ಅಕ್ಕ,
ಇಂದು


ಮಸಗುಪ್ಪಿ
೨೬ ಫೆಬ್ರುವರಿ ೧೯೩೫

ಇಂದಕ್ಕನಿಗೆ ಬಾಬುವಿನ ನಮಸ್ಕಾರ. ಮಾವನವರಿಗೂ ಅತ್ತೆಯವರಿಗೂ ಜೈ ಜಿನೇಂದ್ರ.

ಪಾಟೀಲಕಿಯ ಸುದ್ದಿ ನಿಜ. ಬರೆಯಬೇಕೆಂದಿದ್ದೆ, ಹೇಗೆ ಸುರು ಮಾಡಬೇಕೆಂದು ತಿಳಿಯಲಿಲ್ಲ.

ನೀನು ಹೇಳಿದಂತೆ ಕಾಕಿ ಮೂರನೇ ರೊಟ್ಟಿ ತಂದಾಗ ‘ಬ್ಯಾಡ’ ಎಂದೆ. ಕಾಕಿ ರೊಟ್ಟಿಯನ್ನು ಕೈಯಲ್ಲೇ ಹಿಡಿದು ನಿಂತಳು. “ಯಾಕೋ ಬಾಬೂ, ಮೈಯಾಗ ಹುಷಾರ ಇಲ್ಲೇನು?” ಎಂದು ಹಣೆ ಮುಟ್ಟಿ ನೋಡಿದಳು. ಆಮೇಲೆ ಶುಂಠಿ ಕಷಾಯ ಕಾಸಿ ತಂದಳು. ಕಷಾಯಕ್ಕೆ ‘ಬ್ಯಾಡ’ ಎನ್ನಲು ಬಾಯಿ ಬರಲಿಲ್ಲ. ಕುಡಿದೆ.

ಚಾವಡಿಗೆ ದಿನವೂ ಹೋಗುತ್ತಿದ್ದೇನೆ. ಮೊದಲ ದಿನ ಕಂಬಳಿಯ ನಡುವೆಯೇ ಕುಳಿತೆ. ಕುರುಬರ ಓಣಿಯ ಹಿರಿಯ ಬೀರಸಿದ್ದಪ್ಪ ಕಾಕಾ ಬಂದು, “ತಮ್ಮಾ, ಸ್ವಲ್ಪ ಸರಿ. ಕಾಲ ಚಾಚ್ತೇನಿ” ಎಂದರು. ಸರಿದೆ. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಸರಿಯಬಾರದೆಂದು ಗಟ್ಟಿಮಾಡಿಕೊಂಡು ಹೋಗಿದ್ದೆ. ಆದರೆ ಅವರು ಬರುವುದು ಕಂಡ ಕೂಡಲೇ ಕೇಳುವ ಮೊದಲೇ ಸರಿದುಬಿಟ್ಟೆ. ಈಗ ಅಂಚಿನ ಮೇಲೆಯೇ ಕೂಡುತ್ತೇನೆ.

ನನ್ನೊಡನೆ ಯಾರೂ ಮಾತಾಡುವುದಿಲ್ಲ. ಕೆಲಸವಿದ್ದವರು ಚಾವಡಿಯ ಆಳು ವಾಲಿಕಾರ ಶೆಟ್ಟೆಪ್ಪನಿಗೆ ಹೇಳುತ್ತಾರೆ, ಅವನು ನನಗೆ ಹೇಳುತ್ತಾನೆ, ನಾನು ತಲೆ ಅಲ್ಲಾಡಿಸುತ್ತೇನೆ. ಉಳಿದ ಹೊತ್ತು ಎದುರಿಗಿರುವ ಅಗಸಿಯನ್ನು ನೋಡುತ್ತೇನೆ. ಊರೊಳಗೆ ಬರುವ ಅಷ್ಟು ದೊಡ್ಡ ಬಾಗಿಲನ್ನು ಹುಟ್ಟಿದಂದಿನಿಂದ ಹಾಯ್ದಾಡಿದ್ದರೂ ಸರಿಯಾಗಿ ನೋಡಿರಲಿಲ್ಲ. ಕಮಾನಿನ ಎಡಕ್ಕೆ ಒಂದು ಬಿರುಕಿದೆ. ಅದರಲ್ಲಿ ಅರಳಿಯ ಸಸಿ ಎದ್ದಿದೆ. ಇಷ್ಟೇ ಸುದ್ದಿ.

ನಿನ್ನ ತಮ್ಮ,
ಬಾಬು


ಹುಕ್ಕೇರಿ
೨೦ ಮಾರ್ಚ್ ೧೯೩೫

ಚಿ. ಬಾಬುವಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಮಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅತ್ತೆಯವರು ನಗಲಿಲ್ಲ. “ಕಷಾಯಕ್ಕ ಮೆಣಸ ಹಾಕಿದ್ಲೇನಂತ ಕೇಳು” ಎಂದರು. ಕೇಳಿದ್ದೇನೆ ಎಂದು ತಿಳಿ.

ಸರಿದದ್ದಕ್ಕೆ ಬೇಸರವಿಲ್ಲ, ಕೇಳುವ ಮೊದಲೇ ಸರಿದದ್ದಕ್ಕೆ ಇದೆ. ಊರವರು ನಿನ್ನನ್ನು ದೂಡುತ್ತಿಲ್ಲವಲ್ಲೋ, ನೀನೇ ಜಾಗ ಬಿಟ್ಟುಕೊಟ್ಟು ತಪ್ಪನ್ನು ಅವರ ಮೇಲೆ ಹಾಕುತ್ತಿದ್ದೀ.

ಇನ್ನು ಮುಂದೆ ದಿನಕ್ಕೊಂದು ಪ್ರಶ್ನೆ ಕೇಳು. ಶೆಟ್ಟೆಪ್ಪನನ್ನಲ್ಲ, ಹಿರಿಯರನ್ನೇ. ಗೊತ್ತಿಲ್ಲದ್ದನ್ನು ‘ನನಗ ಗೊತ್ತಿಲ್ಲ’ ಎಂದು ಎಲ್ಲರ ಎದುರಿಗೆ ಹೇಳು. ಅಪ್ಪ ಹಾಗೆ ಹೇಳುತ್ತಿದ್ದ, ಅದಕ್ಕೇ ಅವನು ಗೊತ್ತಿದೆ ಎಂದಾಗ ಜನ ನಂಬುತ್ತಿದ್ದರು. ಧ್ವನಿ ನಡುಗಿದರೆ ನಡುಗಲಿ ಬಿಡು. ನಡುಗುವ ಧ್ವನಿಯಲ್ಲಿ ಹೇಳಿದ ಮಾತೂ ಮಾತೇ.

ಇಲ್ಲಿ ಬಿಸಿಲು ಜೋರಾಗಿದೆ. ನಮ್ಮ ಯಜಮಾನರು ನಿಪ್ಪಾಣಿಯ ತಂಬಾಕಿನ ವ್ಯಾಪಾರಕ್ಕೆ ಹೋದವರು ಇನ್ನೂ ಬಂದಿಲ್ಲ. ಓಣಿಯ ಹೆಣ್ಣುಮಕ್ಕಳು ಈಗಿನಿಂದಲೇ ಪಂಚಮಿಗೆ ಯಾರು ಯಾರು ತವರಿಗೆ ಹೋಗುತ್ತೀರೆಂದು ಕೇಳಿಕೊಳ್ಳುತ್ತಾರೆ. ನಾನು ಹಪ್ಪಳ ಒಣಹಾಕುವ ನೆಪದಲ್ಲಿ ಮಾಳಿಗೆಗೆ ಹೋಗುತ್ತೇನೆ.

ಅಕ್ಕ,
ಇಂದು


ಮಸಗುಪ್ಪಿ
೩೦ ಏಪ್ರಿಲ್ ೧೯೩೫

ಇಂದಕ್ಕನಿಗೆ ನಮಸ್ಕಾರ. ಕಾಕಿ ಕಷಾಯಕ್ಕೆ ಮೆಣಸು ಹಾಕಿರಲಿಲ್ಲ. ಅತ್ತೆಯವರ ಮಾತು ಕೇಳಿ ಈಗ ಹಾಕುತ್ತಾಳೆ. ನನಗೆ ನೆಗಡಿ ಇಲ್ಲದಿದ್ದರೂ ಕುಡಿಯಬೇಕಾಗಿದೆ.

ಪ್ರಶ್ನೆ ಕೇಳಲು ಸುರು ಮಾಡಿದೆ. ಮೊದಲು ಕುರಿಯ ಉಣ್ಣೆಯ ಬಗ್ಗೆ ಕೇಳಿದೆ, ಬೀರಸಿದ್ದಪ್ಪ ಕಾಕಾ ಅರ್ಧ ದಿನ ಹೇಳಿದರು. ಪ್ರಶ್ನೆ ಕೇಳಿದರೆ ಜನ ಸಿಟ್ಟಾಗುತ್ತಾರೆಂದು ತಿಳಿದಿದ್ದೆ. ಹಾಗೇನಿಲ್ಲ, ಖುಷಿಪಡುತ್ತಾರೆ. ಆದರೆ ಅಗಸಿಯ ಬಿರುಕಿನ ಬಗ್ಗೆ ಕೇಳಿದಾಗ ಮಾತ್ರ ನಗೆಯಾಯಿತು. “ನಿಮ್ಮಜ್ಜನ ಕಾಲದಿಂದ ಐತಿ ಅದು. ಅಗಸಿಗಿ ವಯಸ್ಸಾಗೇತಿ ತಮ್ಮಾ, ನನಗಾದಂಗ” ಎಂದರು ಕಾಕಾ.

ಗೋಡೆ ಕಟ್ಟುವ ಗೌಂಡಿಗಳು ಮಾಡುವುದನ್ನು ಚಿಕ್ಕಂದಿನಲ್ಲಿ ಗೋಕಾಕದಲ್ಲಿ ಕಂಡಿದ್ದೆ. ಹಾಗೆಯೇ ಬಿರುಕಿನ ಮೇಲೆ ಅಡ್ಡಲಾಗಿ ಸುಣ್ಣದ ಪಟ್ಟಿ ಬಳಿದೆ. ಗೋಡೆ ಸರಿದರೆ ಸುಣ್ಣ ಒಡೆಯುತ್ತದೆ. ಹೋದ ವಾರ ಗುಡುಗು ಗಾಳಿಯೊಡನೆ ಅಡ್ಡಮಳೆ ಬಂತು. ಬೆಳಿಗ್ಗೆ ಹೋಗಿ ನೋಡಿದೆ, ಸುಣ್ಣ ಒಡೆದಿತ್ತು.

ಕಾರಹುಣ್ಣಿಮೆಯ ದಿನ ಊರಿನ ಎತ್ತುಗಳೆಲ್ಲ ಅಗಸಿಯೊಳಗೆ ಓಡಿ ಬರುವುದು ನಿನಗೆ ಗೊತ್ತೇ ಇದೆ. ಅಡ್ಡಲಾಗಿ ಕಟ್ಟಿದ ಬೇವಿನ ಸರದ ಕರಿಯನ್ನು ಯಾವ ಎತ್ತು ಮೊದಲು ಹರಿಯುತ್ತದೋ ಅದರ ಬಣ್ಣ ನೋಡಿ ಬೆಳೆ ಹೇಳುತ್ತಾರೆ. ಬಿಳಿ ಎತ್ತಾದರೆ ಹಿಂಗಾರಿ ಚಲೋ, ಕೆಂದ ಎತ್ತಾದರೆ ಮುಂಗಾರಿ. ಆ ಹೊತ್ತಿಗೆ ಊರಿನ ಮಕ್ಕಳೆಲ್ಲ ಅಗಸಿಯ ಮೇಲೆ ಹತ್ತಿ ಕುಳಿತಿರುತ್ತಾರೆ. ನಾವೂ ಕುಳಿತಿದ್ದೆವು. ನೀನು ನನ್ನ ಅಂಗಿಯನ್ನು ಹಿಡಿದುಕೊಂಡಿರುತ್ತಿದ್ದೆ.

ಅಷ್ಟು ಎತ್ತುಗಳು ಓಡಿದರೆ ಗೋಡೆ ತಡೆಯುತ್ತದೆಯೇ? ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಚಾವಡಿಯಲ್ಲಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ತಮ್ಮ,
ಬಾಬು


ಹುಕ್ಕೇರಿ
೨೫ ಮೇ ೧೯೩೫

ಚಿ. ಬಾಬುವಿಗೆ.

ನಿನ್ನ ಕಾಗದದ ಮೇಲೆ ಇಲ್ಲಿ ಪಂಚಾಯತಿಯೇ ನಡೆಯಿತು. ಕೆಲಸ ಕಾಯಂ ಆಗುವವರೆಗೆ ಪದ್ಧತಿಗೆ ಕೈ ಹಚ್ಚಬಾರದು ಎಂದು ಮಾವನವರು. ನಿಂತ ಗೋಡೆಗೆ ಹೆದರುವವನು ಗೋಡೆ ಇಲ್ಲದ ಕಡೆ ಏನು ಮಾಡಿಯಾನು ಎಂದು ಅತ್ತೆಯವರು.

ನಾನು ಬುದ್ಧಿ ಹೇಳುವುದಿಲ್ಲ. ಅಗಸಿಯ ಎದುರಿಗೆ ಕುಳಿತವನು ನೀನು. ಒಂದು ಮಾತ್ರ ಗೊತ್ತಿರಲಿ. ಕರಿ ನಿಲ್ಲಿಸಿದರೆ ಬೀರಸಿದ್ದಪ್ಪ ಕಾಕಾ ಸಿಟ್ಟಾಗುತ್ತಾರೆ, ಅವರ ಬಿಳಿ ಎತ್ತೇ ಅಲ್ಲವೇ ಪ್ರತಿವರ್ಷ ಮೊದಲು ಬರುವುದು? ಗೋಕಾಕದ ಕಚೇರಿಗೆ ಹೋಗುವ ಹಿರಿಯರಲ್ಲಿ ಅವರೇ ಮುಂದು. ಪಾಟೀಲಕಿ ಹೋದರೆ ಹೋಯಿತು ಎನ್ನುವಷ್ಟು ಗಟ್ಟಿಯಿದ್ದರೆ ಮಾಡು. ಇಲ್ಲದಿದ್ದರೆ ಸುಮ್ಮನಿರು, ನಾನೇನೂ ಅನ್ನುವುದಿಲ್ಲ.

ಇಂದು


ಮಸಗುಪ್ಪಿ
೧೮ ಜೂನ್ ೧೯೩೫

ಇಂದಕ್ಕನಿಗೆ ನಮಸ್ಕಾರ.

ಕಾರಹುಣ್ಣಿಮೆ ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಬ್ಬಕ್ಕೆ ವಾರವಿರುವಾಗ ಶೆಟ್ಟೆಪ್ಪನನ್ನು ಕರೆದು, ಈ ವರ್ಷ ಅಗಸಿಯಲ್ಲಿ ಕರಿ ಇಲ್ಲ, ಊರ ಹೊರಗಿನ ಕಣದಲ್ಲಿ ಎರಡು ಕಂಬ ನೆಟ್ಟು ಕಟ್ಟಬೇಕು, ಅಗಸಿಯ ಮೇಲೆ ಯಾರೂ ಹತ್ತಬಾರದು ಎಂದು ಡಂಗುರ ಹೊಡೆಯಲು ಹೇಳಿದೆ. ಅವನು ಹಲಗೆ ಎತ್ತಿಕೊಂಡವನು ಮತ್ತೆ ಕೆಳಗಿಟ್ಟ. “ಡಂಗುರ ಹೊಡ್ಯಾಕ ನನಗೇನೂ ಅಂಜಿಕಿ ಇಲ್ರಿ. ಹೊಡದ ಮ್ಯಾಲ ಓಣ್ಯಾಗ ಹೆಂಗ ಅಡ್ಡಾಡೂದು, ಅದನ್ನ ಹೇಳ್ರಿ” ಎಂದ. ನಾನೂ ಜೊತೆಗೆ ಬರುತ್ತೇನೆ ಎಂದೆ. ಓಣಿ ಓಣಿ ಇಬ್ಬರೂ ತಿರುಗಿದೆವು. ಹೆಂಗಸರು ಬಾಗಿಲಿಗೆ ಬಂದು ನೋಡಿದರು. ನನಗೆ ಕಣಜದ ಹಿಂದಿನ ಜಾಗ ನೆನಪಾಯಿತು.

ಸಂಜೆ ಚಾವಡಿ ತುಂಬಿತ್ತು. ಬೀರಸಿದ್ದಪ್ಪ ಕಾಕಾ ನಿಂತುಕೊಂಡೇ ಮಾತಾಡಿದರು. “ನಿಮ್ಮಪ್ಪ ಜಿನಪ್ಪ ಪಾಟೀಲ ಇದ ಅಗಸ್ಯಾಗ ಕರಿ ಹರಿಸ್ಯಾನ. ನಿಮ್ಮಜ್ಜ ಹರಿಸ್ಯಾನ. ನಿನ್ನೆ ಬಂದಾಂವ ನೀ, ಅಗಸಿ ಬೀಳ್ತೈತಂತ ನಮಗ ಹೇಳ್ತೀಯೇನು?”

“ಬೀಳ್ತೈತೋ ಇಲ್ಲೋ ನನಗ ಗೊತ್ತಿಲ್ಲರಿ ಕಾಕಾ,” ಎಂದೆ. “ಮ್ಯಾಲ ಹುಡುಗೂರು ಕುಂತಿರ್ತಾವ. ಗೊತ್ತಿಲ್ಲದ ಅವನ್ನ ಕುಂದ್ರಸಾಕ ನಾ ಒಲ್ಲೆ.”

ಧ್ವನಿ ನಡುಗಿತು. ನೀನು ಹೇಳಿದಂತೆ ನಡುಗಲು ಬಿಟ್ಟೆ. “ಹುಡುಗ ಅಂಜಾಕತ್ತೈತಿ” ಎಂದು ಯಾರೋ ಹಿಂದಿನಿಂದ ಅಂದರು. ಹೌದು, ಅಂಜಿಕೆಯಾಗಿದೆ ಎಂದೆ.

ಹುಣ್ಣಿಮೆಯ ದಿನ ಅಗಸಿಗೆ ಜಾಲಿಯ ಮುಳ್ಳು ಹಾಕಿಸಿದೆ. ಮೂರು ಓಣಿಯ ಎತ್ತುಗಳು ಕಣದ ಕಡೆಗೆ ಹೋದವು. ಬೀರಸಿದ್ದಪ್ಪ ಕಾಕಾನ ಬಿಳಿ ಎತ್ತು ಮಾತ್ರ ಅಗಸಿಯ ಕಡೆಗೇ ಬಂತು. ಕೊಂಬಿಗೆ ಬಣ್ಣ, ಕೊರಳಲ್ಲಿ ಗೆಜ್ಜೆ, ಹಿಂದೆ ಹತ್ತಾರು ಮಂದಿ ಕೂಗುತ್ತಾ ಓಡಿ ಬರುತ್ತಿದ್ದರು. ನಾನು ಮುಳ್ಳಿನ ಮುಂದೆ ಹೋಗಿ ನಿಂತೆ. ಯಾಕೆ ಹಾಗೆ ಮಾಡಿದೆನೋ ತಿಳಿಯದು, ಯೋಚಿಸಿದ್ದರೆ ನಿಲ್ಲುತ್ತಿರಲಿಲ್ಲ. ಧೂಳೆದ್ದು ಏನೂ ಕಾಣಲಿಲ್ಲ. ಧೂಳು ಇಳಿದಾಗ ನಾನೂ ನಿಂತಿದ್ದೆ, ಎತ್ತೂ ನಿಂತಿತ್ತು. ಇಬ್ಬರಲ್ಲಿ ಯಾರು ಹೆಚ್ಚು ಹೆದರಿದ್ದರೆಂದು ಹೇಳಲಾರೆ.

ಅಷ್ಟರಲ್ಲಿ ಕಣದಲ್ಲಿ ಬೇರೆ ಓಣಿಯ ಕೆಂದ ಎತ್ತು ಕರಿ ಹರಿದಿತ್ತು. ಮುಂಗಾರಿ ಚಲೋ ಎಂದು ಕೂಗಿದ್ದು ಕೇಳಿಸಿತು. ಬೀರಸಿದ್ದಪ್ಪ ಕಾಕಾ ಎತ್ತಿನ ಬೆನ್ನು ಸವರಿ, “ತಮ್ಮಾ, ಇನ್ನ ಗೋಕಾಕದಾಗ ಮಾತಾಡೂಣು” ಎಂದು ತಿರುಗಿ ಹೋದರು.

ಅಗಸಿ ಬೀಳಲಿಲ್ಲ. ಬಿಸಿಲು ಇಳಿಯುವವರೆಗೆ ನೋಡುತ್ತಾ ಕುಳಿತಿದ್ದೆ. ಒಂದು ಕಲ್ಲು ಕೂಡ ಅಲುಗಲಿಲ್ಲ.

ಬಾಬು


ಹುಕ್ಕೇರಿ
೨ ಜುಲೈ ೧೯೩೫

ಬಾಬೂ,

ಕಾಗದವನ್ನು ಮಾವನವರು ಎರಡು ಸಲ ಓದಿದರು. ಎರಡನೇ ಸಲ ಓದಿರೆಂದು ಕೇಳಿದವರು ಅತ್ತೆಯವರು. ಕೇಳಿ ಮುಗಿದ ಮೇಲೆ, “ಬೀಳದ ಅಗಸಿಗಿ ಯಾಕ ಮುಳ್ಳ ಹಾಕಿದ?” ಎಂದರು. ಬಿದ್ದ ಮೇಲೆ ಹಾಕಿದರೆ ಉಪಯೋಗವಿಲ್ಲವಲ್ಲ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಬಾಗಿಲ ಮರೆಯಲ್ಲೇ ನುಂಗಿಕೊಂಡೆ.

ನನಗೆ ಬಹಳ ಹೆಮ್ಮೆಯಾಯಿತು, ಅಳುವೂ ಬಂತು. ಒಳಗೆ ನಿಂತಿದ್ದೆನಾದ್ದರಿಂದ ಯಾರೂ ನೋಡಲಿಲ್ಲ. ಆ ಎತ್ತು ನಿಲ್ಲದೇ ಇದ್ದರೆ ಏನು ಮಾಡುತ್ತಿದ್ದೆಯೋ ಮಾರಾಯಾ? ಇನ್ನೊಮ್ಮೆ ಎತ್ತಿನ ಮುಂದೆ ನಿಲ್ಲಬೇಡ. ಮನುಷ್ಯರ ಮುಂದೆ ನಿಂತರೆ ಸಾಕು.

ಗೌಂಡಿಯನ್ನು ಕರೆಸು. ಅವನು ಏನು ಹೇಳಿದರೂ ನನಗೆ ಬರೆ.

ನಿನ್ನ ಅಕ್ಕ,
ಇಂದು


ಮಸಗುಪ್ಪಿ
೨೨ ಜುಲೈ ೧೯೩೫

ಇಂದಕ್ಕನಿಗೆ ನಮಸ್ಕಾರ.

ಗೋಕಾಕದಿಂದ ಗೌಂಡಿ ಉದ್ದಪ್ಪ ಬಂದ. ಬಿರುಕಿನ ಮೇಲಿನ ಗಾರೆಯ ಗಿಲಾವು ಬಿಚ್ಚಿ, ಅರಳಿಯ ಬೇರು ಕಿತ್ತು, ಒಳಗೆಲ್ಲ ಬಡಿದು ನೋಡಿದ. ಇಳಿದು ಬಂದು ಕೈ ತೊಳೆದುಕೊಂಡು ಹೇಳಿದ: “ಒಡದದ್ದು ಬರೇ ಮ್ಯಾಲಿನ ಗಿಲಾವ್ರಿ. ಒಳಗಿನ ಕಲ್ಲ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಜಗ್ಗೂದಿಲ್ಲ. ಎಲ್ಲಾ ಎತ್ತ ಓಡಿದ್ರೂ ಏನೂ ಆಗ್ತಿರಲಿಲ್ಲ.”

ನಾನು ಕಿತ್ತ ಅರಳಿಯ ಬೇರನ್ನು ಎತ್ತಿ ನೋಡುತ್ತಾ ಕುಳಿತೆ. ಅವನಿಗೆ ಕನಿಕರವೆನಿಸಿರಬೇಕು. “ಊರಾಗ ಬ್ಯಾರೆ ಹೇಳ್ಲೇನ್ರಿ? ಬಿದ್ದಬಿಡ್ತಿತ್ತು ಅಂತೇನಿ. ನನ್ನ ಗಂಟೇನ ಹೋಗೂದೈತಿ?” ಎಂದ.

‘ಬ್ಯಾಡ’ ಎಂದೆ. ಆ ದಿನದ ‘ಬ್ಯಾಡ’ ಅದೇ ಆಯಿತು. ಇಷ್ಟು ದಿನ ಅಂದವುಗಳಲ್ಲಿ ಅದೇ ಕಠಿಣದ್ದು. ಎತ್ತಿನ ಮುಂದೆ ನಿಲ್ಲುವಾಗ ಯೋಚಿಸಲು ಹೊತ್ತಿರಲಿಲ್ಲ, ಇದಕ್ಕೆ ಬೇಕಾದಷ್ಟು ಹೊತ್ತಿತ್ತು.

ಸಂಜೆ ಚಾವಡಿಯಲ್ಲಿ ನಿಂತು ಹೇಳಿದೆ. “ಗೌಂಡಿ ನೋಡ್ಯಾನ್ರಿ. ಅಗಸಿ ಗಟ್ಟಿ ಐತಿ. ನನ್ನ ಅಂದಾಜ ತಪ್ಪಾತು. ಮುಂದಿನ ವರ್ಷ ಅಲ್ಲೇ ಕರಿ ಹರೀಲಿ. ಆದ್ರ ಗೊತ್ತಿಲ್ಲದಾಗ ನಾ ಮತ್ತ ಹಿಂಗ ಮಾಡ್ತೇನಿ.” ಎಲ್ಲರೂ ನಕ್ಕರು. ನಗೆ ಬಹಳ ದಿನ ನಡೆಯಿತು. ಓಣಿಯ ಮಕ್ಕಳು ಒಂದು ಹೊಸ ಆಟ ಕಲಿತಿದ್ದಾರೆ. ಒಬ್ಬ ಕೈ ಅಗಲಿಸಿ ನಿಂತು ‘ಬೀಳ್ತೈತಿ, ಬೀಳ್ತೈತಿ’ ಎನ್ನುತ್ತಾನೆ, ಉಳಿದವರು ಎತ್ತಾಗಿ ಓಡಿಬರುತ್ತಾರೆ. ಕಾಕಿ ಅವರನ್ನು ಬೆನ್ನಟ್ಟುತ್ತಾಳೆ. ನನಗೆ ನೋವಾಯಿತು. ಆದರೂ ಮರುದಿನ ಚಾವಡಿಗೆ ಹೋದೆ.

ಹಿರಿಯರು ಗೋಕಾಕಕ್ಕೆ ಹೋಗುವ ದಿನ ಬಂತು, ನಾನೂ ಹೋದೆ. ಪಾಟೀಲಕಿ ಹೋಯಿತೆಂದೇ ತಿಳಿದು ಅಪ್ಪ ಕಚೇರಿಗೆ ಸುತ್ತಿಕೊಂಡು ಹೋಗುತ್ತಿದ್ದ ರುಮಾಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಮಾಮಲೇದಾರರು ಕೇಳಿದಾಗ ಬೀರಸಿದ್ದಪ್ಪ ಕಾಕಾ ಕೈಮುಗಿದು ಹೇಳಿದರು: “ಸಾಹೇಬ್ರ, ಇಂವಾ ನನ್ನ ಎತ್ತಿಗಿ ಅಡ್ಡ ನಿಂತ. ತಪ್ಪ ಮಾಡಿದ. ಆಮ್ಯಾಲ ಚಾವಡ್ಯಾಗ ನಿಂತು ‘ನಂದ ತಪ್ಪಾತು’ ಅಂದ. ಎರಡೂ ಸಲ ಇವನ ಕಾಲ ನಡಗತಿದ್ದವು, ನಾ ನೋಡೇನ್ರಿ. ಎರಡೂ ಸಲ ಓಡಿ ಹೋಗಲಿಲ್ಲ. ನಮ್ಮೂರಿಗಿ ಇಂವನ ಇರ್ಲಿರಿ.”

ತಿರುಗಿ ಬರುವಾಗ ಗಾಡಿಯ ತುದಿಗೆ ಕೂಡಲು ಹೋದೆ. ಅವರು ಕಾಲು ಮಡಚಿಕೊಂಡು, “ಪಾಟೀಲ್ರ, ನಡುವ ಕುಂದರ್ರಿ. ಅಲ್ಲಿ ಗಾಡಿ ಎತ್ತಿ ಹಾಕ್ತೈತಿ” ಎಂದರು. ಅಕ್ಕಾ, ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಇನ್ನು ಮುಂದಿನ ಮಾತು ನಿನಗಲ್ಲ. ಇದನ್ನು ಗಟ್ಟಿಯಾಗಿ ಓದುವ ಮಾವನವರಿಗೆ, ತೂಗುಮಂಚದ ಮೇಲೆ ಕುಳಿತು ಕೇಳುವ ಅತ್ತೆಯವರಿಗೆ. ಈ ಪಂಚಮಿಗೆ ಅಕ್ಕನನ್ನು ಕರೆಯಲು ನಾನು ಹುಕ್ಕೇರಿಗೆ ಬರುತ್ತಿದ್ದೇನೆ. ಎರಡು ವರ್ಷ ಯಾರೂ ಬರಲಿಲ್ಲ. ಅಪ್ಪನ ಬೇನೆ ಒಂದು ಕಾರಣ, ನಿಮ್ಮೆದುರಿಗೆ ಕುಳಿತು ಬಾಯಿ ಬಿಡಲು ನನಗಿದ್ದ ಅಂಜಿಕೆ ಇನ್ನೊಂದು. ಅಂಜಿಕೆ ಈಗಲೂ ಇದೆ. ಆದರೂ ಬಂದು ಕೇಳುತ್ತೇನೆ. ನಮ್ಮ ಮನೆಯಲ್ಲಿ ಅಕ್ಕನಿಲ್ಲದೆ ಬಹಳ ಬೇಸರವಾಗಿದೆ.

ತಮ್ಮ ವಿಧೇಯ,
ಬಾಬಾಸಾಹೇಬ ಜಿನಪ್ಪ ಪಾಟೀಲ


ಹುಕ್ಕೇರಿ
೨೮ ಜುಲೈ ೧೯೩೫

ಬಾಬೂ,

ನಿನ್ನೆ ನಿನ್ನ ಕಾಗದ ಬಂತು. ‘ಮುಂದಿನ ಮಾತು ನಿನಗಲ್ಲ’ ಎಂಬಲ್ಲಿಗೆ ಬಂದಾಗ ಮಾವನವರು ತಡೆದು, ಕನ್ನಡಕದ ಮೇಲಿನಿಂದ ಎಲ್ಲರನ್ನೂ ನೋಡಿದರು. ಗಟ್ಟಿಯಾಗಿ ಓದಲು ಸುರು ಮಾಡಿದವರು ನಡುವೆ ಮೆಲ್ಲಗೆ ಮಾಡಲು ಬರುವುದಿಲ್ಲ. ಅದೇ ಧ್ವನಿಯಲ್ಲಿ ಕೊನೆಯವರೆಗೂ ಓದಿದರು. ತೂಗುಮಂಚದ ಕಿರುಗುಟ್ಟುವಿಕೆ ನಿಂತಿತು.

ಅತ್ತೆಯವರು, “ಕಾಗದದಾಗ ಕರೀಲಿ, ಬಂದು ಕರೀಲಿ, ಈ ವರ್ಷ ಆಗೂದಿಲ್ಲ. ಬೀಗರು ತೀರಿ ವರ್ಷ ತುಂಬಿಲ್ಲ. ಸತ್ತ ಮನ್ಯಾಗ ಎಂಥಾ ಪಂಚಮಿ?” ಎಂದರು. ಮಾವನವರು ಕಾಗದ ಮಡಚಿದರು. ಇವರು ನಿಪ್ಪಾಣಿಯಿಂದ ಬಂದಿದ್ದರು, ತಂಬಾಕಿನ ಧಾರಣೆ ಇಳಿದಿದೆ ಎಂದರು.

ಇಂಥ ಹೊತ್ತಿನಲ್ಲಿ ನಾನು ಒಳಗೆ ಹೋಗಿ ಪಾತ್ರೆ ತಿಕ್ಕುವುದು ರೂಢಿ. ಹೊರಳಿದೆ ಕೂಡ. ಆದರೆ ನಿನಗೆ ದಿನಕ್ಕೊಂದು ‘ಬ್ಯಾಡ’ ಕಲಿಸಿದವಳು ನಾನಲ್ಲವೇ? ಈ ಮನೆಯಲ್ಲಿ ಎಂದಾದರೂ ಒಂದನ್ನು ಅಂದಿದ್ದೇನೆಯೇ ಎಂದು ನೆನಪು ಮಾಡಿಕೊಂಡೆ. ಒಂದೂ ನೆನಪಾಗಲಿಲ್ಲ.

ಬಾಗಿಲು ದಾಟಿ ಪಡಸಾಲೆಗೆ ಬಂದು ನಿಂತೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗು ಹಿಡಿದುಕೊಂಡೆ. “ಹಬ್ಬಕ್ಕ ಅಲ್ರಿ ಅತ್ತಿ, ತವರಿಗಿ. ತಮ್ಮ ಬರ್ತಾನ. ನಾ ಹೋಗ್ತೇನಿ” ಎಂದೆ.

ಅವರು ತೂಗುಮಂಚದಿಂದ ಕಾಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ನನ್ನ ಕೇಳಾಕತ್ತೀಯೋ, ಹೇಳಾಕತ್ತೀಯೋ?”

“ಹೇಳಾಕತ್ತೇನ್ರಿ.”

ನನ್ನ ಧ್ವನಿಯೂ ನಡುಗಿತು ಬಾಬೂ. ನಿನಗೆ ಬರೆದು ಕಳಿಸುವಾಗ ಅದೆಷ್ಟು ಸುಲಭವಿತ್ತು.

ಅತ್ತೆಯವರು ನಿನ್ನೆಯಿಂದ ನನ್ನೊಡನೆ ಮಾತಾಡಿಲ್ಲ. ಹೇಳುವುದಿದ್ದರೆ ಬೆಕ್ಕಿಗೆ ಹೇಳುತ್ತಾರೆ, ನಾನು ಕೇಳಿಸಿಕೊಂಡು ಮಾಡುತ್ತೇನೆ. ಮನೆ ಬಿದ್ದಿಲ್ಲ. ಬಿರುಕು ಬಿಟ್ಟಿದೆಯೋ ಇಲ್ಲವೋ ಸುಣ್ಣ ಹಚ್ಚಿ ನೋಡಬೇಕು.

ಅಕ್ಕ ಹೇಳಿಯೇ ಬಿಟ್ಟಿದ್ದಾಳೆಂದು ನೀನು ಹೊರಗೆ ಗಾಡಿ ನಿಲ್ಲಿಸಿ ಕೂಗಬೇಡ. ಒಳಗೆ ಬಾ, ಪಡಸಾಲೆಯಲ್ಲಿ ಕೂಡು, ಪದ್ಧತಿಯಂತೆ ಕೇಳು. ಅವರು ‘ಬ್ಯಾಡ’ ಎನ್ನಬಹುದು. ಅನ್ನಲಿ, ಅದು ಅವರ ಆ ದಿನದ್ದು. ನಾನು ಗಂಟು ಕಟ್ಟಿಕೊಂಡೇ ಇರುತ್ತೇನೆ.

ನಿನ್ನ ದಾರಿ ಕಾಯುವ,
ಇಂದಕ್ಕ


ಮಸಗುಪ್ಪಿ
೩೧ ಜುಲೈ ೧೯೩೫

ಅಕ್ಕಾ,

ಗಾಡಿ ಹೂಡಿ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ. ಮುಂಜಾನೆಯ ಟಪಾಲು ನನಗಿಂತ ಮೊದಲು ಮುಟ್ಟಲಿ. ಗೋಕಾಕದಲ್ಲಿ ರಾತ್ರಿ ವಸ್ತಿ ಮಾಡಿ ಬರುತ್ತೇನೆ. ನಮ್ಮ ಒಂದು ಎತ್ತಿಗೆ ಕಾಲು ನೋವು. ಕೇಳದಿದ್ದರೂ ಬೀರಸಿದ್ದಪ್ಪ ಕಾಕಾ ತಮ್ಮ ಬಿಳಿ ಎತ್ತನ್ನು ತಂದು ಕಟ್ಟಿದರು. “ಹಾದ್ಯಾಗ ಯಾರರೆ ಅಡ್ಡ ನಿಂತ್ರ ನಿಂತಬಿಡ್ತೈತಿ, ನಿಮಗ ಗೊತ್ತೇ ಐತೆಲ್ಲ” ಎಂದು ನಕ್ಕರು. ಅಗಸಿಯೊಳಗಿಂದಲೇ ಹೊರಡುತ್ತೇನೆ. ಮಕ್ಕಳು ಈಗಾಗಲೇ ಅದರ ಮೇಲೆ ಹತ್ತಿ ಕುಳಿತಿದ್ದಾರೆ.

ಕಾಕಿ ಅತ್ತೆಯವರಿಗೆಂದು ಶೇಂಗಾದ ಉಂಡಿ ಕಟ್ಟಿದ್ದಾಳೆ. ಹಬ್ಬಕ್ಕಲ್ಲ, ಸುಮ್ಮನೆ. ಪಡಸಾಲೆಯಲ್ಲಿ ಕಂಬಳಿ ಹಾಸಿರು. ನಾನು ನಡುವೆ ಕೂಡುತ್ತೇನೆ. ಅತ್ತೆಯವರು ‘ಬ್ಯಾಡ’ ಎಂದರೆ ಕುಳಿತೇ ಇರುತ್ತೇನೆ, ಮರುದಿನ ಮತ್ತೆ ಕೇಳುತ್ತೇನೆ.

ಮಾವನವರು ಇದನ್ನೂ ಗಟ್ಟಿಯಾಗಿ ಓದಲಿ.

ಬಾಬು